ಜನರಲ್ ಕೊಡದ ತಾರೀಕು

ಒಂದು ಸೈನ್ಯದಲ್ಲಿ ಒಬ್ಬ ಜನರಲ್ ಇದ್ದ. ಜನರಲ್ ಎಂದ ತಕ್ಷಣ ಕೆಲವರು ಬೆನ್ನು ನೆಟ್ಟಗೆ ಮಾಡಿ ಕೂತಿರಿ, ನೋಡಿದೆ. ಆರಾಮಾಗಿ ಕೂಡಿ. ಇವನು ಗುಂಡು ಹಾರಿಸಿದವನಲ್ಲ, ಬೇಳೆ ಸಾಗಿಸಿದವನು. ಬೇಳೆ, ಸೀಮೆಎಣ್ಣೆ, ಕಂಬಳಿ, ಕಾಲುಚೀಲ. ಸೈನ್ಯದಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ. ಹಿಮದ ಬೆಟ್ಟದ ಮೇಲೆ ಕಾವಲು ನಿಂತವನಿಗೆ ಊಟ ಯಾರು ಕೊಡಬೇಕು? ಶತ್ರು ಕೊಡುತ್ತಾನೆಯೇ? ಇವನೇ ಕೊಡಬೇಕು.

ನೌಕರಿಗೆ ಸೇರಿದ ಹೊಸದರಲ್ಲಿ ಅವನೊಂದು ತಪ್ಪು ಮಾಡಿದ. ಬೆಟ್ಟದ ಮೇಲಿನವರಿಗೆ ಉಣ್ಣೆಯ ಕಾಲುಚೀಲ ಕಳಿಸಿದ, ‘ಕಳಿಸಿದೆ’ ಎಂದು ವರದಿ ಮಾಡಿ ಸುಮ್ಮನಾದ. ಕಾಲುಚೀಲದ ಮೂಟೆ ಬೆಟ್ಟದ ಬುಡದ ಶೆಡ್ಡಿನಲ್ಲಿ ಬೆಚ್ಚಗೆ ಕೂತಿತು. ಮೇಲೆ ಒಬ್ಬ ಸಿಪಾಯಿಯ ಕಾಲ್ಬೆರಳುಗಳು ಹೋದವು. ಅಂದಿನಿಂದ ಅವನು ತನ್ನ ಕಚೇರಿಯಲ್ಲಿ ‘ಕಳಿಸಿದೆ’ ಎಂಬ ಮಾತನ್ನೇ ನಿಷೇಧಿಸಿದ. ಮೇಲಿನ ಸಿಪಾಯಿ ತಾನೇ ಫೋನಿನಲ್ಲಿ ‘ಬಂತು, ಹಾಕಿಕೊಂಡೆ’ ಎನ್ನಬೇಕು. ಅಲ್ಲಿಯವರೆಗೆ ಕೆಲಸ ಮುಗಿದಿಲ್ಲ. ಈ ಒಂದು ಹಟದಿಂದಲೇ ಅವನು ಮೇಲೇರಿದ, ಮೇಲೇರಿ ಜನರಲ್ ಆದ, ಆಮೇಲೆ ಎಲ್ಲರಂತೆ ನಿವೃತ್ತನೂ ಆದ.

ಆಗ ಮೇಲಿನವರು ಯೋಚಿಸಿದರು. ಇಷ್ಟು ಬೇಳೆ ತಲುಪಿಸಿದವನು ವಿದ್ಯೆ ತಲುಪಿಸಲಾರನೇ? ಅವನನ್ನು ಕರೆತಂದು ಒಂದು ವಿಶ್ವವಿದ್ಯಾಲಯಕ್ಕೆ ಕುಲಪತಿ ಮಾಡಿದರು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ಅದು ಕಥೆಯಲ್ಲಿದೆ.

ಮೊದಲ ದಿನವೇ ಅವನಿಗೆ ಶಾಲು ಹೊದಿಸಿದರು. ಅದರ ಮೇಲೆ ಇನ್ನೊಂದು ಶಾಲು, ಮೇಲೊಂದು ಹಾರ, ಕೈಗೆ ಹಣ್ಣಿನ ಬುಟ್ಟಿ. ಬೇಸಿಗೆ ಕಾಲ. ಹಿಮದಲ್ಲಿ ನಡುಗುವವರಿಗೆ ಕಂಬಳಿ ಸಾಗಿಸಿದ ಮನುಷ್ಯ, ಬಿಸಿಲಿನಲ್ಲಿ ಎರಡು ಶಾಲು ಹೊದ್ದು ಬೆವರುತ್ತಾ ಕೂತ. ಹಿಂದಿನ ವರ್ಷದ ಅಂಕಪಟ್ಟಿಗಳು ಪರೀಕ್ಷಾ ವಿಭಾಗದಲ್ಲೇ ಧೂಳು ತಿನ್ನುತ್ತಿವೆ ಎಂಬುದು ಅಂದೇ ಅವನ ಕಿವಿಗೆ ಬಿತ್ತು. ಶಾಲು ತೆಗೆದಿಟ್ಟು ನೇರ ಅಲ್ಲಿಗೇ ಹೋದ. ಗಂಟು ಕಟ್ಟಿಸಿದ, ವ್ಯಾನಿಗೆ ಏರಿಸಿದ, ಊರೂರಿನ ಕಾಲೇಜಿಗೆ ಓಡಿಸಿದ. ಎಲ್ಲ ಪ್ರಿನ್ಸಿಪಾಲರೂ ಫೋನ್ ಮಾಡಿ ‘ಬಂದಾವ್ರಿ ಸರ್’ ಎಂದರು. ಜನರಲ್ ಸಂತೋಷಪಟ್ಟ. ನಾವೂ ಸಂತೋಷಪಡೋಣ, ಸ್ವಲ್ಪ ಹೊತ್ತು.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅವನ ಕಚೇರಿಯ ಬಾಗಿಲಿಗೆ ಒಬ್ಬ ತಾಯಿ ಬಂದು ನಿಂತಳು. ಹಿಂದೆ ಮಗಳು. ಮಗಳ ಹೆಸರು ರೇಣವ್ವ. ಬಿ.ಎಡ್. ಸೀಟು ಸಿಕ್ಕಿದೆ, ಮೂಲ ಅಂಕಪಟ್ಟಿ ತೋರಿಸಿ ಸೇರಬೇಕು, ಅಂದು ಸಂಜೆಯೇ ಗಡುವು. ಇನ್ನೊಂದು ಗಡುವು ಮನೆಯಲ್ಲಿತ್ತು. ಈ ವರ್ಷ ಸೇರಿದರೆ ಓದು, ಇಲ್ಲದಿದ್ದರೆ ಲಗ್ನ ಎಂದು ತಂದೆ ಹೇಳಿಬಿಟ್ಟಿದ್ದ. ಗಂಡಿನ ಕಡೆಯವರು ಆಗಲೇ ಒಮ್ಮೆ ಚಹಾ ಕುಡಿದು ಹೋಗಿದ್ದರು.

“ಸಾಹೇಬ್ರ, ನನ್ನ ಮಗಳ ಮಾರ್ಕ್ಸ್ ಕಾರ್ಡ್ ಇನ್ನೂ ಕೈಗೆ ಬಂದಿಲ್ರಿ,” ಎಂದಳು ತಾಯಿ.

“ಬಂದಿದೆ ತಾಯಿ. ನಿಮ್ಮ ಪ್ರಿನ್ಸಿಪಾಲರೇ ನನಗೆ ಹೇಳಿದ್ದಾರೆ.”

“ಕಾಲೇಜಿಗೆ ಬಂದಾವ್ರಿ, ಇಲ್ಲ ಅನ್ನಂಗಿಲ್ಲ. ಈಕಿ ಕಿಟಕ್ಯಾಗಿಂದ ಗಂಟು ನೋಡಿ ಬಂದಾಳ. ಕೇಳಿದ್ರ ಈಗ ಕೊಡಂಗಿಲ್ಲ ಅಂತಾರ.”

“ಯಾಕೆ ಕೊಡೋದಿಲ್ಲ?”

“ಕಾರ್ಯಕ್ರಮ ಐತಂತ್ರಿ. ಯಾರೋ ದೊಡ್ಡವ್ರು ಬಂದು ತಮ್ಮ ಕೈಯಾರೆ ಹಂಚ್ತಾರಂತ. ಅವ್ರು ಇನ್ನಾ ತಾರೀಕ ಕೊಟ್ಟಿಲ್ಲಂತ.”

ಜನರಲ್‌ಗೆ ಸಿಟ್ಟು ನೆತ್ತಿಗೇರಿತು. “ಯಾರಮ್ಮಾ ಆ ದೊಡ್ಡ ಮನುಷ್ಯ? ಹೆಸರು ಹೇಳು, ಈಗಲೇ ವಿಚಾರಿಸುತ್ತೇನೆ.”

ತಾಯಿ ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು.

“ನೀವ ಅಂತ್ರಿ,” ಎಂದಳು ತಾಯಿ.

ನೋಡಿ, ಸುಳ್ಳಲ್ಲ. ಪ್ರಿನ್ಸಿಪಾಲ ತಾರೀಕು ಕೇಳಿದ್ದ, ಮತ್ತೆ ಮತ್ತೆ ಕೇಳಿದ್ದ. ಕಾಲೇಜಿನಲ್ಲಿ ಹಂಚುತ್ತಿದ್ದಾರೆ ಎಂದುಕೊಂಡು ಜನರಲ್ ಪ್ರತಿ ಸಲವೂ ತನ್ನ ಸಹಾಯಕನಿಗೆ ಹೇಳಿದ್ದು ಒಂದೇ ಮಾತು: “ಮೊದಲು ಮಕ್ಕಳಿಗೆಲ್ಲ ಅಂಕಪಟ್ಟಿ ಮುಟ್ಟಲಿ, ಆಮೇಲೆ ಸಮಾರಂಭಕ್ಕೆ ಹೋಗೋಣ.” ಸಹಾಯಕ ಪ್ರಿನ್ಸಿಪಾಲನಿಗೆ ‘ತಾರೀಕು ಇನ್ನೂ ಇಲ್ಲ’ ಎಂದಷ್ಟೇ ತಿಳಿಸಿದ್ದ. ಇವನು ಅಂಕಪಟ್ಟಿಗೆ ಕಾಯುತ್ತಿದ್ದ, ಅಂಕಪಟ್ಟಿ ಇವನಿಗೆ ಕಾಯುತ್ತಿತ್ತು.

ಜನರಲ್ ಎದ್ದ. ತಾಯಿ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಅವರ ಊರಿನ ಕಾಲೇಜಿಗೆ ಹೊರಟ. ದಾರಿ ಉದ್ದ, ರಸ್ತೆ ನಿಮಗೆ ಗೊತ್ತಿರುವಂಥದ್ದೇ. ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಸಹಾಯಕನ ಫೋನಿನಿಂದ ಸುದ್ದಿ ತಿಳಿದಿದ್ದ ಪ್ರಿನ್ಸಿಪಾಲ ಕಾರು ಕಂಡು ಓಡಿಬಂದ. ಅವನ ಕಣ್ಣಲ್ಲಿ ನೀರು. ಕುಲಪತಿಗಳು ತಾರೀಕು ಕೊಡದೇ ತಾವಾಗಿಯೇ ಬಂದಿದ್ದಾರೆ.

“ಸರ್, ಒಂದು ಸ್ವಲ್ಪ ತಡೀರಿ. ಸ್ವಾಗತ ಗೀತೆ ಹಾಡೋ ಹುಡುಗ್ಯಾರಿಗೆ ಹೇಳಿ ಕಳಿಸೀನಿ. ದೀಪದ ಕಂಬ ತೊಳ್ಯಾಕತ್ತಾರ.”

“ಈ ಹುಡುಗಿಯ ಅಂಕಪಟ್ಟಿ ಕೊಡಿ.”

“ಕೊಡೋಣ್ರಿ ಸರ್, ವೇದಿಕಿ ಮ್ಯಾಲೆ ನಿಮ್ಮ ಕೈಯಿಂದನ ಕೊಡೋಣ.”

“ಈಗ ಕೊಡಿ. ಕೋಣೆ ತೆಗೀರಿ.”

ಕೋಣೆಯ ಕೀಲಿಕೈ ಜವಾನನ ಹತ್ತಿರ ಇತ್ತು. ಜವಾನ ಎಲ್ಲಿ? ಹಾರ ತರಲು ಪೇಟೆಗೆ ಹೋಗಿದ್ದ. ಜನರಲ್ ಅಂಗಳದಿಂದ ಒಂದು ಕಲ್ಲು ಎತ್ತಿಕೊಂಡು ಬಂದು ಬೀಗ ಒಡೆದ. ಇಡೀ ಸೈನಿಕ ಜೀವನದಲ್ಲಿ ಆಕ್ರಮಣವನ್ನೇ ಮಾಡದಿದ್ದವನ ಮೊದಲ ಆಕ್ರಮಣ ಇದು. ಗಂಟು ಬಿಚ್ಚಿ, ಹುಡುಕಿ, ಅಂಕಪಟ್ಟಿಯನ್ನು ರೇಣವ್ವನ ಕೈಗಿಟ್ಟು ಮತ್ತೆ ಕಾರು ಹತ್ತಿಸಿದ.

ಬಿ.ಎಡ್. ಕಾಲೇಜಿನ ಗೇಟು ತಲುಪಿದಾಗ ಪ್ರವೇಶದ ಕೆಲಸ ಮುಗಿದಿತ್ತು. ಸೀಟು ಸರದಿಯಲ್ಲಿದ್ದ ಮುಂದಿನ ಹುಡುಗಿಗೆ ಹೋಗಿತ್ತು. ಅವಳೂ ಒಬ್ಬ ತಾಯಿಯ ಮಗಳೇ, ಫೀಸು ಕಟ್ಟಿ ನಗುತ್ತಾ ಹೊರಗೆ ಬರುತ್ತಿದ್ದಳು. ಜನರಲ್ ಒಳಗೆ ಹೋಗಿ ಬೇಡಿಕೊಂಡ. ಅಲ್ಲಿಯ ಅಧಿಕಾರಿ ಎದ್ದು ನಿಂತು, ಕುರ್ಚಿ ಕೊಟ್ಟು, ಬಹಳ ಮರ್ಯಾದೆಯಿಂದ ಆಗುವುದಿಲ್ಲ ಎಂದ. ಅವನ ತಪ್ಪೇನು?

ಹೊರಗೆ ಬಂದು ಜನರಲ್ ಆ ತಾಯಿಗೆ ಕೈಮುಗಿದ. “ತಪ್ಪು ನನ್ನದು ತಾಯಿ. ಮುಂದಿನ ವರ್ಷ ನಾನೇ ನಿಂತು ಸೇರಿಸುತ್ತೇನೆ.”

“ಮುಂದಿನ ವರ್ಷಕ್ಕ ಈಕಿ ನಮ್ಮ ಮನ್ಯಾಗ ಇರಂಗಿಲ್ರಿ,” ಎಂದಳು ತಾಯಿ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಅವರ ಮನೆಗೂ ಹೋದ, ತಂದೆಯ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡ. ತಂದೆ ಚಹಾ ಕೊಟ್ಟ, ಲಗ್ನಕ್ಕೆ ಬರಬೇಕೆಂದು ಕರೆದ. ಮದುವೆ ಆಯಿತು. ಕಥೆ ಇಷ್ಟೇ.

ಈಗ ಹೇಳಿ, ಆ ಪ್ರಿನ್ಸಿಪಾಲ ಕೆಟ್ಟವನೇ? ಅಲ್ಲ. ಮಕ್ಕಳಿಗೆ ದೊಡ್ಡವರ ಕೈಯಿಂದ ಸಿಗಲಿ ಎಂದಿದ್ದ. ಜನರಲ್ ಕೆಟ್ಟವನೇ? ಅಲ್ಲ. ಎಲ್ಲರೂ ಒಳ್ಳೆಯವರು, ಮಗುವಿನ ಓದು ಮಾತ್ರ ತಪ್ಪಿತು. ನನಗೆ ಹೆದರಿಕೆ ಹುಟ್ಟಿಸುವುದು ಇದೇ. ಕೆಟ್ಟವರಿಂದ ಆದ ಕೆಡುಕನ್ನು ನೀವು ಬೈಯಬಹುದು. ಇದಕ್ಕೆ ಯಾರನ್ನು ಬೈಯುತ್ತೀರಿ?

ನಿಮ್ಮ ಓಣಿಯಲ್ಲಿ ನೀರಿನ ಟ್ಯಾಂಕು ಕಟ್ಟಿ ಆಗಿದೆ. ನೀರೂ ತುಂಬಿದೆ. ನಲ್ಲಿಗೆ ಟೇಪು ಸುತ್ತಿದ್ದೀರಿ, ಉದ್ಘಾಟನೆ ಆಗಿಲ್ಲ. ಹೆಣ್ಣುಮಕ್ಕಳು ಅದರ ಮುಂದೆಯೇ ಕೊಡ ಹೊತ್ತು ದೂರದ ಬಾವಿಗೆ ಹೋಗುತ್ತಾರೆ. ಮನೆಯಲ್ಲಿ ಅತ್ತೆಗೆ ತಂದ ಸ್ವೆಟರು ಕಪಾಟಿನಲ್ಲಿದೆ, ಹಬ್ಬಕ್ಕೆ ಕೊಡೋಣ ಎಂದು. ಆಕೆಗೆ ಚಳಿ ಹಬ್ಬ ನೋಡಿ ಹತ್ತುತ್ತದೆಯೇ? ಇವತ್ತು ಮನೆಗೆ ಹೋದವರು ಮೊದಲು ಕಪಾಟು ತೆಗೆಯಿರಿ. ಇನ್ನೊಬ್ಬರಿಗೆ ಸೇರಬೇಕಾದದ್ದು ನಿಮ್ಮಲ್ಲಿ ಉಳಿದಿದ್ದರೆ ಮುಹೂರ್ತ ನೋಡದೆ, ಫೋಟೋ ತೆಗೆಸದೆ ಅವರ ಕೈಗೆ ಕೊಡಿ. ಕೊಟ್ಟಮೇಲೆ ಅವರನ್ನೇ ಕೇಳಿ, ಮುಟ್ಟಿತೇ ಎಂದು. ನಡುವಿನವರನ್ನು ಕೇಳಬೇಡಿ.

ನಾಳೆಯಿಂದ ಎನ್ನಬೇಡಿ. ಈ ವೇದಿಕೆಯ ಮೇಲೆ, ನನ್ನ ಹಿಂದೆ, ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಗಳಿವೆ. ಹೋದ ತಿಂಗಳ ಕಣ್ಣಿನ ತಪಾಸಣೆಯಲ್ಲಿ ಅಳತೆ ಕೊಟ್ಟ ಹಿರಿಯರ ಕನ್ನಡಕಗಳು. ಬಂದು ಎಷ್ಟು ದಿನವಾಯಿತು, ಅಧ್ಯಕ್ಷರೇ? ಹಂಚುವ ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರಂತೆ. ಸಂಜೆಯಿಂದ ದಾರಿಯಲ್ಲೇ ಇದ್ದಾರೆ. ಆ ಹಿರಿಯರು ಬಲಗಡೆ ಜಮಖಾನದ ಮೇಲೆ ಕೂತಿದ್ದಾರೆ, ನಾನು ಎಲ್ಲಿದ್ದೇನೆಂದು ದನಿಯ ಮೇಲೆ ಅಂದಾಜು ಮಾಡುತ್ತಿದ್ದಾರೆ.

ಅಧ್ಯಕ್ಷರೇ, ಏಳಿ. ಪೆಟ್ಟಿಗೆ ಬಿಚ್ಚಿ. ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಅತಿಥಿಗಳು ಬಂದಾಗ ಬರಲಿ, ಇವರೆಲ್ಲ ಅವರನ್ನು ಕಣ್ಣು ತುಂಬ ನೋಡಲಿ.