ಎಣ್ಣಿ ಇಲ್ಲದ ಚಿಪ್ಸಿಗೆ ದೇವರ ಅಪ್ಪಣಿ

ಹಲೋ... ಯಾರ್ರಿ ಮಾತಾಡೋದು? ಡಾಕ್ಟರ ಸಾಹೇಬ್ರಾ? ಜಮಖಂಡಿ ದವಾಖಾನಿ ಹೌದಲ್ರಿ?...

ನಾ ಹಣಮವ್ವ ರೀ, ಬೀಳಗಿ ಕಡಿಯಾಕಿ. ನಮ್ಮನಿಯವ್ರು ನಿಮ್ಮ ಪೇಶಂಟ್... ಹೆಸರಾ? ಗಂಡನ ಹೆಸರು ನಾ ಹ್ಯಾಂಗ ಹೇಳ್ಲಿ ರೀ?... ಬಾಜೂಕ ಸೊಸಿ ಅದಾಳ, ಆಕಿನೂ ಮಾವನ ಹೆಸರು ಹೇಳಂಗಿಲ್ಲ... ಸಕ್ರಿ ಬ್ಯಾನಿಯವ್ರು ರೀ. ಹೋದ ಸೋಮಾರ ನಿಮ್ಮ ಮುಂದನ ಚಿಪ್ಸಿನ ಪಾಕೀಟ ಒಡದು ತಿಂದ್ರಲ್ಲ... ಹಾಂ, ಅವ್ರ, ಅವ್ರ!

ಇಲ್ರಿ, ಎಣ್ಣಿ ಮುಟ್ಟಿಲ್ಲ. ನೀವ ಅಂದ್ರಲ್ಲ, ಅಷ್ಟ ಆಶಾ ಇದ್ರ ಎಣ್ಣಿ ಇಲ್ದ ಮನ್ಯಾಗ ಮಾಡಿ ಒಂದ ಹಿಡಿ ಕೊಡ್ರಿ ಅಂತ? ಹಂಗ ಮಾಡೇವ್ರಿ. ಸೊಸಿ ವೈಶಾಲಿ ಬಟಾಟಿ ತೆಳ್ಳಗ ಹೆಚ್ಚಿ, ತೊಳದು, ದೋತರದ ಮ್ಯಾಲ ಆರಿಸಿ... ಓವನ್? ನಮ್ಮಲ್ಲಿ ಎಲ್ಲಿ ಓವನ್ರಿ! ದೊಡ್ಡ ಪಾತೇಲಿಯೊಳಗ ಹೊಳಿ ಉಸುಕು ಹಾಕಿ ಕಾಸಿ, ಮ್ಯಾಲ ತಾಟ ಇಟ್ಟು, ತಾಟಿನಾಗ ಹರವಿ ಮುಚ್ಚಿದ್ವಿ. ಛಲೋ ಆಗ್ಯಾವ್ರಿ, ಕಟುಂ ಅಂತಾವು...

ಅದ ಹೇಳಾಕತ್ತೇನಲ್ರಿ, ತಿನವಲ್ರು! ಮುಂಜಾನಿಂದ ಬಾಯಾಗ ಏನೂ ಹಾಕಿಲ್ಲ. "ನಮ್ಮ ಮನ್ಯಾಗ ಎಣ್ಣಿ ಕಾಣದ ಚಿಪ್ಸ್ ಹುಟ್ಟೇ ಇಲ್ಲ. ಬೀರಪ್ಪ ಹೂಂ ಅಂದ್ರ ತಿಂತೀನಿ, ಅಲ್ಲೀತನಾ ಕೂಳೂ ಬ್ಯಾಡ" ಅಂತ ದೇವರ ಜಗಲಿ ಮುಂದ ಕುಂತಾರ...

ಹೂ ಕೇಳೂದ್ರಿ. ನೀವು ಕೇಳಿಲ್ಲೇನು? ದೇವರ ಎರಡೂ ಬಾಜೂಕ ನೀರಾಗ ತೋಯಿಸಿ ಹೂ ಹಚ್ಚತೀವಿ. ಬಲಗಡಿದು ಬಿದ್ರ ಹೌದು, ಎಡಗಡಿದು ಬಿದ್ರ ಅಲ್ಲ... ಬಿದ್ದಿಲ್ರಿ! ಯಾವುದೂ ಬಿದ್ದಿಲ್ಲ! ಹೊತ್ತು ನೆತ್ತಿ ಮ್ಯಾಲ ಬಂತು...

ಗುಳಗಿ? ಗುಳಗಿ ತಪ್ಪಿಸಿಲ್ರಿ, ಏಳಕ್ಕ ನುಂಗ್ಯಾರ... ಹೌದ್ರಿ, ಖಾಲಿ ಹೊಟ್ಟಿಲೆ... ಯಾಕ್ರಿ? ಯಾಕ ಹಂಗ ಒದರತೀರಿ?

...

ಬೆವರು? ಹಾಂ, ಬೆವರ ಇಳ್ಯಾಕತ್ತೈತಿ. ನಾ ಬಿಸಲಿಗೆ ಅಂತ ತಿಳದೆ... ಕೈಯೂ ನಡಗಾಕತ್ತಾವು... ಮಾತಾ? ಅರ್ಧಾ ತಾಸಾತು, ನನಗ ಬೈದಿಲ್ರಿ. ನಲವತ್ತ ವರ್ಷದಾಗ ಇಷ್ಟೊತ್ತ ಬೈಯದ ಕುಂತವ್ರಲ್ಲ ಸಾಹೇಬ್ರ. ಅದಕ್ಕ ಅಂಜಿ ನಿಮಗ ಫೋನ್ ಹಚ್ಚೇನಿ...

ಬೆಲ್ಲ? ಸಕ್ರಿ ಬ್ಯಾನಿಯವ್ರಿಗೆ ಬೆಲ್ಲ ಕೊಡು ಅಂತೀರಿ? ನೀವು ಖರೇನ ಡಾಕ್ಟರ ಅದೀರಲ್ಲ?... ಸಿಟ್ಟಾಗಬ್ಯಾಡ್ರಿ, ತಿಳೀತು, ತಿಳೀತು. ಸಕ್ರಿ ಪೂರಾ ಇಳದೈತಿ. ಈಗಿಂದೀಗ ಕೊಡಬೇಕು, ಇಲ್ಲಂದ್ರ ಎಚ್ಚರ ತಪ್ಪತಾರ... ಅಯ್ಯೋ ಶಿವನ!

ವೈಶಾಲೀ, ಬೆಲ್ಲ ಕುಟ್ಟಿ ತಾರ ಲಗೂನ!... ತಡೀರಿ ಸಾಹೇಬ್ರ, ಆ ಬಲಗಡಿ ಹೂ ನಾನ ಸ್ವಲ್ಪ ದೂಕತೀನಿ. ದೇವರು ನೋಡಿದ್ರ ನೋಡ್ಲಿ... ಅಯ್ಯ! ಬರವಲ್ದು... ಜಗ್ಗಿದ್ರೂ ಬರವಲ್ದ್ರಿ!... ಏ ವೈಶಾಲಿ, ಇದಕ್ಕ ಏನ ಹಚ್ಚೀಯವ್ವ?... ಏನು? ಗಂಜಿ?

ಗಂಜಿ ಹಚ್ಯಾಳ್ರಿ! ಬನಹಟ್ಟಿ ನೇಕಾರರ ಮಗಳು ನೋಡ್ರಿ, ತವರ ಮನ್ಯಾಗ ದಿನಾ ನೂಲಿಗೆ ಗಂಜಿ ಹಚ್ಚೂದ ಕೆಲಸ. ಹೂ ಕೇಳೂದು ಗೊತ್ತಿಲ್ದ, ದೇವರ ಹೂ ಬಿದ್ರ ಅಪಶಕುನ ಅಂತ ತಿಳದು ಎರಡಕ್ಕೂ ಗಟ್ಟ್ಯಾಗಿ ಮೆತ್ಯಾಳ! ಬೀರಪ್ಪ ಆದ್ರೂ ಏನ ಮಾಡ್ತಾನು ಪಾಪ, ಮುಂಜಾನಿಂದ ಒದ್ದ್ಯಾಡಿರಬೇಕು...

ಹೇಳ್ದೆ ರೀ, ಅವ್ರಿಗೂ ಹೇಳ್ದೆ. ಕಣ್ಣ ತಗದು "ಹೊಸಾ ಹೂ" ಅಂದ್ರು ಸಣ್ಣಗ, ಮತ್ತ ಹಲ್ಲ ಕಚಗೊಂಡ್ರು... ಹಾಂ, ಎಚ್ಚರ ಅದಾರ್ರಿ, ನುಂಗತಾರ. ಬರೇ ಬೆಲ್ಲ ಒಲ್ರು. ಚಿಪ್ಸಿನ ಮ್ಯಾಲ ಹಚ್ಚಿ ಕೊಡ್ಲೇನ್ರಿ?... ಹೂಂ ರೀ, ದಪ್ಪಗ ಹಚ್ಚತೀನಿ...

ಏನ್ರಿ, ಬಾಯಿ ತಗೀರಿ! ಹೊಸಾ ಹೂ ಇಲ್ಲ, ಹಳೇ ಹೂ ಇಲ್ಲ! ದೇವರಿಗೆ ಭಕ್ತರು ಸಾವ್ರ ಮಂದಿ ಅದಾರ, ನನಗ ನೀವೊಬ್ರ ಅದೀರಿ. ಪಾಪ ಬಂದ್ರ ನನಗ ಬರ್ಲಿ. ತಿನ್ರಿ!...

...

ಕಡದ್ರು ಸಾಹೇಬ್ರ... ಇನ್ನೊಂದ ಕೊಟ್ಟೆ... ಮೂರಾದ್ವು... ಇಲ್ರಿ, ನಾ ಯಾಕ ಅಳ್ಲಿ, ನೆಗಡಿ ಅದು... ಫೋನ್ ಇಡಬ್ಯಾಡ್ರಿ ಮತ್ತ, ಹಿಂಗ ಹಿಡಕೊಂಡಿರ್ರಿ...

...

ಹಲೋ? ಅದೀರಲ್ರಿ?... ಕೈ ನಡಗೂದು ಕಡಿಮಿ ಆಗೈತಿ. ಏನೋ ಅನ್ನಾಕತ್ತಾರ... ಏನಂದ್ರಿ?... ಆಂ?...

"ಚಿಪ್ಸಿಗೆ ಬೆಲ್ಲ ಹಚ್ಚು ಅಂತ ಯಾವ ಹುಚ್ಚಪ್ಯಾಲಿ ಹೇಳ್ಯಾನ" ಅಂತ್ರಿ! ನಿಮಗ ರೀ, ನಿಮಗ ಬೈಯಾಕತ್ತಾರ! ಎಷ್ಟ ಛಂದ ಬೈಯಾಕತ್ತಾರ ಕೇಳ್ರಿ ಸಾಹೇಬ್ರ, ಅವ್ರ ಬಾಯಿ ಹತ್ರ ಹಿಡೀತೀನಿ... ಬೈರಿ, ಇನ್ನೂ ಜೋರಾಗಿ ಬೈರಿ!... ಹಲೋ? ಸಾಹೇಬ್ರ? ಕೇಳಿಸ್ತೇನ್ರಿ? ಹಲೋ...