ಏಪ್ರಿಲ್ ಸಭೆಯ ಕ್ಷಮೆ

ಮತ್ತೆ ಬಂತು ನೋಡಿ ಗಂಟೆ! ಅಂಕಲ್, ನಾನು ಬಂದಾಗಿನಿಂದ ಒಂದು ಮಾತನ್ನ ನೆಟ್ಟಗೆ ಮುಗಿಸೋಕೆ ಬಿಟ್ಟಿಲ್ಲ ಇದು. ನಾನು ಬಾಯಿ ತೆಗೆಯೋದು, ಮೇಲಿಂದ ಟಿಣ್ ಅನ್ನೋದು, ನೀವು ಮೊಣಕಾಲು ಹಿಡ್ಕೊಂಡು ಮೆಟ್ಟಿಲು ಹತ್ತೋದು... ಹೋಗಿ, ಹೋಗಿ. ಮ್ಯೂರಿಯೆಲ್ ಆಂಟಿಗೆ ದಿಂಬು ಸರಿ ಮಾಡಿ ಬನ್ನಿ. ನಾನೇನು ಓಡಿಹೋಗಲ್ಲ.

...ಬಂದ್ರಾ? ಮಲಗಿದ್ರಾ ಆಂಟಿ? ಇಲ್ವಾ. ಸರಿ, ಕೂತ್ಕೊಳ್ಳಿ. ಚಹಾ ಆಮೇಲೆ ಮಾಡಿದ್ರಾಯ್ತು.

ಎಲ್ಲಿದ್ದೆ? ಹಾಂ, ನಿನ್ನೆಯ ವಿಷಯ. ನಿನ್ನೆ ಸಂಜೆ ಪುರಸಭೆಯಲ್ಲಿ ನಿಮಗೆ ಆದದ್ದಕ್ಕೆ ಬೇಜಾರಾಯ್ತು ಅಂತ ಹೇಳೋಣ ಅಂತಲೇ ಬಂದೆ. ಪಕ್ಕದ ಮನೆಯವಳು, ಆಂಟಿಯ ತೊಡೆ ಮೇಲೆ ಬೆಳೆದವಳು, ನಾನು ಬರದೆ ಇನ್ಯಾರು ಬರ್ತಾರೆ? ಅಷ್ಟು ಜನ ಸದಸ್ಯರಲ್ಲಿ ಒಬ್ಬರಾದ್ರೂ ಬಂದ್ರಾ? ಹಂಫ್ರಿ ಬಂದ್ರಾ? ಬರಲ್ಲ. ಅವರೆಲ್ಲ ಕಿಟಕಿ ಪರದೆ ಸರಿಸಿ ನೋಡೋ ಜನ.

ಆದ್ರೂ ಅಂಕಲ್, ನೀವು ಆ ಕಪ್ಪು ಸೂಟು ಹಾಕ್ಕೊಂಡು ಬರಬಾರದಿತ್ತು. ಕೋಟಿಗೆ ಹೂ ಬೇರೆ! ಮದುಮಗ ಬಂದ ಹಾಗೆ ಬಂದ್ರಿ. ಬಂದು, ಉಪಮೇಯರ್ ಕುರ್ಚಿ ಎಳೆದು ಇನ್ನೇನು ಕೂರಬೇಕು, ಗುಮಾಸ್ತ ಪಾರ್ಜಿಟರ್ ಎದ್ದ. "ಕ್ಷಮಿಸಿ ಟಫ್ಲಿಯವರೇ, ತಾವು ಈಗ ಸದಸ್ಯರಲ್ಲ. ತಮ್ಮ ಸ್ಥಾನ ತೆರವಾಗಿದೆ. ದಯವಿಟ್ಟು ಸಾರ್ವಜನಿಕರ ಸಾಲಿಗೆ..." ಅಬ್ಬಾ! ಬಗ್ಗಿದ ಬೆನ್ನು ಬಗ್ಗಿದ ಹಾಗೇ ನಿಂತ್ರಲ್ಲ ನೀವು, ಅರ್ಧ ಕೂತು, ಅರ್ಧ ನಿಂತು! ಇಡೀ ಸಭೆ "ಕ್ಷಮಿಸಿ, ಕ್ಷಮಿಸಿ" ಅಂತು. ನಮ್ಮೂರಲ್ಲಿ ನಾಯಿ ಬಾಲ ತುಳಿದ್ರೂ ಕ್ಷಮಿಸಿ, ನಾಯಿ ನಮ್ಮನ್ನ ಕಚ್ಚಿದ್ರೂ ಕ್ಷಮಿಸಿ. ಆದ್ರೆ ಒಬ್ಬರಾದ್ರೂ ಎದ್ದು ನಿಮ್ಮ ತೋಳು ಹಿಡಿದ್ರಾ? ನಾನು? ನಾನು ಹೇಗೆ ಏಳಲಿ, ಮಗು ತೊಡೆ ಮೇಲೆ ಮಲಗಿತ್ತು.

ಯಾಕೆ ನಗ್ತೀರಿ?

...ಓ. ಹೌದು, ಹೌದು. ಮಗುವನ್ನ ಅಮ್ಮ ಎತ್ಕೊಂಡಿದ್ದಳು. ಮರೆತೆ. ಇಷ್ಟಕ್ಕೆ ನಗಬೇಕಾ?

ನಗೋದಾದ್ರೆ ಆ ಪುರಸಭೆ ನೋಡಿ ನಗಿ. ಮುನ್ನೂರು ವರ್ಷದ್ದಂತೆ! ಗೋಡೆ ತುಂಬ ಸತ್ತ ಮೇಯರುಗಳು, ಒಬ್ಬೊಬ್ಬನ ಮುಖವೂ ಹುಳಿ ಸೇಬು ಕಚ್ಚಿದ ಹಾಗೆ. ಹಿಂದೆ ಬ್ರೆಡ್ಡಿನ ತೂಕ ಕಡಿಮೆ ಬಂದ್ರೆ ಬೇಕರಿಯವನ ಕಿವಿಗೆ ಮೊಳೆ ಹೊಡೆದು ಸಂತೆಕಂಬಕ್ಕೆ ನಿಲ್ಲಿಸ್ತಿದ್ರು ಅಂತ ನೀವೇ ನನಗೆ ಕಥೆ ಹೇಳ್ತಿದ್ರಿ. ಆಮೇಲೆ ದೊಡ್ಡ ಅಧಿಕಾರವನ್ನೆಲ್ಲ ಜಿಲ್ಲೆಯವರು ಕಿತ್ಕೊಂಡ್ರು. ಈಗ ನಮ್ಮ ಪಾಲಿಗೆ ಉಳಿದದ್ದು ಏನು? ಪಾರ್ಕಿನ ಬೆಂಚು, ಬಸ್ ನಿಲ್ದಾಣದ ಸೂರು, ಸ್ಮಶಾನದ ಹುಲ್ಲು, ನಾಯಿ ಹೇಲಿನ ಡಬ್ಬ. ಆದ್ರೆ ಕಿವಿಗೆ ಮೊಳೆ ಹೊಡೆಯೋ ಚಪಲ ಮಾತ್ರ ಹೋಗಿಲ್ಲ. ನಿನ್ನೆ ನಿಮ್ಮ ಕಿವಿ ಸಿಕ್ಕಿತು.

ಮತ್ತೆ ಆ ನಿಯಮ! ಆರು ತಿಂಗಳು ಒಂದೂ ಸಭೆಗೆ ಬರದಿದ್ರೆ ಕುರ್ಚಿ ಹೋಯ್ತು. ಬರದ ಕಾರಣವನ್ನ ಮಿಕ್ಕವರು ಕೈ ಎತ್ತಿ ಒಪ್ಪಿದ್ರೆ ಮಾತ್ರ ಉಳಿಯುತ್ತೆ. "ಬರಲಾಗದ್ದಕ್ಕೆ ಟಫ್ಲಿಯವರು ಕ್ಷಮೆ ಕೋರಿದ್ದಾರೆ" ಅಂತ ಬರೀ ಓದಿಬಿಟ್ರೆ ಸಾಲದು. ಇದೆಲ್ಲ ನನಗೇನು ಗೊತ್ತು ಅಂಕಲ್? ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು.

ಆದ್ರೆ ಅವರಿಗೆ ಗೊತ್ತಿತ್ತಲ್ಲ? ಅಕ್ಟೋಬರ್‌ನಿಂದ ನೀವು ಆಂಟಿಯ ಹಾಸಿಗೆ ಬಿಟ್ಟು ಕದಲಿಲ್ಲ. ಹೊಟ್ಟೇಲಿ ಗಡ್ಡೆ ಅಂತ ಊರಿಗೆಲ್ಲ ಗೊತ್ತು. ಬಾಯಿ ಬಿಟ್ಟು ಹೇಳೋರು ಯಾರು? ಪ್ರತಿ ತಿಂಗಳೂ ನಿಮ್ಮ ಕ್ಷಮೆ ಓದೋರು, ಎಲ್ಲರೂ ಒಂದು ಗಳಿಗೆ ಬೂಟು ನೋಡ್ಕೊಳ್ಳೋರು, ಮುಂದಿನ ವಿಷಯ. ಯಾಕೆ ಬಂದಿಲ್ಲ ಅಂತ ಕೇಳೋದು ಅಸಭ್ಯ. ಅವರ ಮನೆ ವಿಷಯ ನಮಗ್ಯಾಕೆ! ಮರ್ಯಾದೆಯಿಂದಲೇ ನಿಮ್ಮನ್ನ ತಿಂದು ಮುಗಿಸಿದ್ರು. ಮುಳ್ಳುಚಮಚ ಕೂಡ ಸದ್ದು ಮಾಡಲಿಲ್ಲ.

ಏನು, ಹಾಗೆ ನೋಡ್ತೀರಿ?

ನೀವು ನನಗೆ ಹೇಳಿದ್ರಿ. ಹೌದು, ಹೇಳಿದ್ರಿ, ನಾನೆಲ್ಲಿ ಇಲ್ಲ ಅಂದೆ? ನಾನೂ ಸದಸ್ಯಳೇ ಅಲ್ವಾ, ಏಪ್ರಿಲ್ ಸಭೆಗೆ ನಾನು ಹೊರಟಾಗ ಬೇಲಿ ಹತ್ರ ನಿಲ್ಲಿಸಿ ಹೇಳಿದ್ರಿ, "ಶ್ಯಾನನ್, ನಾಚ್ಕೋಬೇಡ, ಮ್ಯೂರಿಯೆಲ್ ಸ್ಥಿತಿ ಇದ್ದ ಹಾಗೇ ಹೇಳು, ಕೈ ಎತ್ತಿಸು, ಇದೇ ಕೊನೇ ಅವಕಾಶ" ಅಂತ. ಸರಿ, ಅಷ್ಟರಮಟ್ಟಿಗೆ ನಿಯಮ ಗೊತ್ತಿತ್ತು ಅಂತಲೇ ಇಟ್ಕೊಳ್ಳಿ! ನಾನು ಬಾಯಿ ತೆಗೆದೆ. ದೇವರಾಣೆ ತೆಗೆದೆ. ಅಷ್ಟರಲ್ಲಿ ಆ ಮಾಂಸದಂಗಡಿ ಪ್ರೌಟ್ ಬಸ್ ನಿಲ್ದಾಣದ ಪಾರಿವಾಳಗಳ ಪುರಾಣ ಶುರು ಮಾಡಿದ. ಪಾರಿವಾಳ ಎಲ್ಲೆಲ್ಲಿ ಕೂರ್ತವೆ, ಯಾರ ಟೋಪಿ ಮೇಲೆ ಏನು ಹಾಕ್ತವೆ... ಅದು ಮುಗಿಯೋ ಹೊತ್ತಿಗೆ ಎಲ್ಲರೂ ಕೋಟು ಹಾಕ್ಕೋತಿದ್ರು. ನನ್ನ ಮಾತಿಗೆ ಜಾಗ ಎಲ್ಲಿತ್ತು?

ವಾಪಸ್ ಬಂದು "ಎಲ್ಲ ಸರಿಹೋಯ್ತು ಅಂಕಲ್" ಅಂದದ್ದು... ಅಂದೆ. ಕಾಯಿಲೆ ಮನೆಗೆ ಇನ್ನೊಂದು ಚಿಂತೆ ಯಾಕೆ ತರಲಿ ಅಂತ ಅಂದೆ. ಒಳ್ಳೆಯದಕ್ಕೇ ಅಂದೆ.

ಅದ್ಯಾಕೆ ಮಗುವಿನ ತಳ್ಳುಗಾಡಿ ಕಡೆ ನೋಡ್ತಿದ್ದೀರಿ? ಓ... ಕಾಣಿಸ್ತಾ? ಸರ. ಮೇಯರ್ ಸರ. ಡೈಪರ್ ಚೀಲದ ಕೆಳಗೆ ತುರುಕಿದ್ದೀನಿ, ಕಳ್ಳನಿಗೂ ಅಲ್ಲಿ ಕೈ ಹಾಕೋಕೆ ಮನಸ್ಸು ಬರಲ್ಲ. ಆಮೇಲೆ ಪತ್ರಿಕೆಯವರು ಫೋಟೋ ತೆಗೆಯೋಕೆ ಬರ್ತಾರೆ. ಭಾರ ಅಂದ್ರೆ ಭಾರ, ಕುದುರೆಯ ಕೊರಳಪಟ್ಟಿ ಹಾಗಿದೆ!

ಗೊತ್ತು ಅಂಕಲ್, ಗೊತ್ತು. ಇದನ್ನ ನಿಮ್ಮ ಕೊರಳಲ್ಲಿ ನೋಡಿ ಕಣ್ಣು ಮುಚ್ಚಬೇಕು ಅಂತಿದ್ರು ಆಂಟಿ. ಅಷ್ಟು ವರ್ಷ ಸದಸ್ಯರಾಗಿದ್ದು, ಸರದಿ ಬಂದಾಗೆಲ್ಲ "ಬೇರೆಯವರಿಗೆ ಕೊಡಿ" ಅಂತ ಬಿಟ್ಟುಕೊಟ್ಟವರು ನೀವೇ. ಕೊನೆಗೂ ಹೋದ ವರ್ಷ ಉಪಮೇಯರ್ ಆದ್ರಿ. ಉಪಮೇಯರ್ ಆದವರೇ ಮುಂದಿನ ಮೇ ತಿಂಗಳು ಮೇಯರ್, ಅದೇ ಪದ್ಧತಿ. ಹೆಂಡತಿ ಅದನ್ನೇ ಕಾಯ್ಕೊಂಡು ಜೀವ ಹಿಡಿದಿದ್ರು. ಬೇಜಾರಾಗುತ್ತೆ. ಆದ್ರೆ ಕೇಳಬೇಡಿ, ಕೊಡೋಕೆ ಬರಲ್ಲ. ಮೇಯರ್ ಅಲ್ಲದವರ ಕೊರಳಿಗೆ ಇದನ್ನ ಹಾಕಬಾರದು. ನಿಯಮ ಅಂದ್ರೆ ನಿಯಮ. ನೀವೇ ಕಲಿಸಿದ್ದು!

ಏನು, ನನಗೆ ಇದು ಒಪ್ಪಲ್ವಾ? ಹಂಫ್ರಿಯ ಹೆಂಡತಿಯೂ ಹಾಗೇ ನೋಡಿದ್ಲು ನಿನ್ನೆ. ನಾನು ಸದಸ್ಯಳಾದ ಮೊದಲನೇ ದಿನ ಹಂಫ್ರಿ ನನ್ನ ಕೈಗೆ ಚಹಾ ತಟ್ಟೆ ಕೊಟ್ಟ, ಹಂಚೋಕೆ. ನನ್ನ ಮಗುವಿನ ಅಪ್ಪ ಯಾರು ಅಂತ ಯಾರೂ ಕೇಳಲಿಲ್ಲ, ಅಸಭ್ಯ ಅಲ್ವಾ, ಆದ್ರೆ ಎಲ್ಲರ ಹುಬ್ಬೂ ಕೇಳ್ತಿತ್ತು. ಈಗ ಅದೇ ಹಂಫ್ರಿ ಒಂದು ವರ್ಷ ನನ್ನನ್ನ ಕಂಡಾಗೆಲ್ಲ ಎದ್ದು ನಿಲ್ಲಬೇಕು. ನಿಲ್ಲಲಿ! ಮೊಣಕಾಲು ನೋಯಲಿ!

ನಿಮ್ಮನ್ನ ಅಂದಿಲ್ಲ. ಆವತ್ತು ನೀವೊಬ್ಬರೇ ಕುರ್ಚಿ ಎಳೆದು ಕೂರಿಸಿದ್ದು. ಒಪ್ತೀನಿ.

ಅದಿರಲಿ, ನಿನ್ನೆ ಪ್ರೌಟ್ ಮೇಯರ್ ಸ್ಥಾನಕ್ಕೆ ನನ್ನ ಹೆಸರು ಕೂಗಿದಾಗ ಸಿಡಿಲು ಬಡಿದ ಹಾಗಾಯ್ತು ನನಗೆ. ಕನಸಲ್ಲೂ ಎಣಿಸಿರಲಿಲ್ಲ. ನಿಮ್ಮ ಹೆಸರು ಹೋಗಿ ನನ್ನದು... ನಾನಾ ಮೇಯರ್? ಅಮ್ಮ ಅಂತೂ ಅತ್ತೇಬಿಟ್ಲು. ಎರಡನೇ ಗಂಡನ ಜೊತೆ ಗ್ರಿಮ್ಸ್‌ಬಿಗೆ ಹೋದಮೇಲೆ ಒಂದು ಸಲವೂ ಬಂದವಳಲ್ಲ. ಮೀನು ಕಾರ್ಖಾನೆ ಕೆಲಸ, ಹದಿನೈದು ದಿನ ಮುಂಚೆ ಕೇಳದೆ ಅರ್ಧ ದಿನ ರಜ ಕೊಡಲ್ಲ ಪಾಪಿಗಳು. ಕೇಳಿಕೊಂಡು ಬಂದಿದ್ದಾಳೆ. ಹೊಸ ಹ್ಯಾಟು ಬೇರೆ, ಮಗಳು ಮೇಯರ್ ಆಗೋದನ್ನ ನೋಡೋಕೆ ಅಂತಲೇ...

...

ಯಾಕೆ ಕ್ಯಾಲೆಂಡರ್ ಕಡೆ ತಿರುಗಿದ್ರಿ? ಹದಿನೈದು ದಿನ ಹಿಂದಕ್ಕೆ ಎಣಿಸ್ತಿದ್ದೀರಾ?

ಅಂದ್ರೆ... ಅಮ್ಮ ಬಂದದ್ದು ನನ್ನನ್ನ ನೋಡೋಕೆ. ಮಗುವನ್ನ ನೋಡೋಕೆ. ಹ್ಯಾಟು... ಹ್ಯಾಟು ಯಾರು ಬೇಕಾದ್ರೂ ಕೊಳ್ತಾರೆ, ಅದಕ್ಕೇನು! ಏನಾದ್ರೂ ಹೇಳಿ ಅಂಕಲ್. ಬೈಯಿರಿ. ಬೈದ್ರೆ ತಿರುಗಿಸಿ ಬೈಯೋಕೆ ಬರುತ್ತೆ ನನಗೆ.

ತಡೀರಿ. ನಿನ್ನೆ ಬಾಗಿಲಲ್ಲಿ ಅಮ್ಮ ನಿಮ್ಮ ಕೋಟಿನ ಹೂ ಮುಟ್ಟಿ ಏನೋ ಹೇಳ್ತಿದ್ಲು. ಸಭೆ ಶುರುವಾಗೋಕೆ ಮುಂಚೆ. ಏನಂದ್ಲು? "ನಮ್ಮ ಶ್ಯಾನನ್ ಮೇಯರ್ ಆಗ್ತಾಳೆ ಅಂತ ಹೂ ಸಿಕ್ಕಿಸ್ಕೊಂಡು ಬಂದ್ರಾ" ಅಂದ್ಲಾ? ಅಂದ್ಲಾ?... ಅಂದಿದ್ದಾಳೆ. ನಿಮ್ಮ ಮುಖ ಹೇಳ್ತಿದೆ. ಹಾಗಾದ್ರೆ ಪಾರ್ಜಿಟರ್ ಬಾಯಿ ತೆಗೆಯೋಕೆ ಮುಂಚೆಯೇ ನಿಮಗೆ... ಗೊತ್ತಿದ್ದೂ ಹೋಗಿ ಆ ಕುರ್ಚಿ ಎಳೆದ್ರಾ? ಗೊತ್ತಿದ್ದೂ ಇಷ್ಟು ಹೊತ್ತು ನನ್ನ ಕೈಲಿ ಪಾರಿವಾಳದ ಕಥೆ ಹೇಳಿಸಿದ್ರಾ?

ಹೌದು, ಏಪ್ರಿಲ್ ಸಭೆಯಲ್ಲಿ ಪಾರ್ಜಿಟರ್ ಕೇಳಿದ! "ಟಫ್ಲಿಯವರ ಬಗ್ಗೆ ಯಾರಾದ್ರೂ ಏನಾದ್ರೂ ಹೇಳೋದಿದೆಯಾ" ಅಂತ ಕೇಳಿದ. ಸುತ್ತ ಅಷ್ಟೊಂದು ಬಾಯಿ ಇತ್ತು ಅಲ್ಲಿ, ನನ್ನದೊಂದನ್ನೇ ಯಾಕೆ ಹಿಡ್ಕೊಂಡಿದ್ದೀರಿ? ಪ್ರೌಟ್‌ಗೆ ಬಾಯಿಲ್ವಾ? ಹಂಫ್ರಿಗೆ ಇಲ್ವಾ?

...ತಗೊಳ್ಳಿ. ಸರ ತಗೊಳ್ಳಿ ಅಂದೆ. ಹಾಕ್ಕೊಂಡು ಮೇಲೆ ಹೋಗಿ, ಆಂಟಿಗೆ ತೋರಿಸಿ ಬನ್ನಿ. ನಿಯಮ ಹಾಳಾಗಿ ಹೋಗಲಿ, ಯಾರು ನೋಡ್ತಾರೆ? ಅಮ್ಮ ಅಂದ ಮಾತು ಮಾತ್ರ ಪಾರ್ಜಿಟರ್ ಕಿವಿಗೆ ಬೀಳಬಾರದು... ಸರ ಬೇಡ್ವಾ? ಯಾಕೆ ಬೇಡ? ಅಂದ್ರೆ ಆಂಟಿಗೆ ಆಗಲೇ ಹೇಳಿಬಿಟ್ರಾ, ಮೇಯರ್ ಆಗಲಿಲ್ಲ ಅಂತ? ನನ್ನ ವಿಷಯವೂ?

ನನ್ನ ವಿಷಯ ಹೇಳಿಲ್ಲ ಅಂತ ತಲೆ ಅಲ್ಲಾಡಿಸ್ತೀರಿ. ಹಾಗಾದ್ರೆ ಏನಂತ ಹೇಳಿದ್ರಿ? ಏಪ್ರಿಲ್ ಸಭೆಯಲ್ಲಿ ಯಾರೂ ನಮ್ಮ ಪರ ಮಾತಾಡಲಿಲ್ಲ ಅಂದ್ರೆ, ಶ್ಯಾನನ್ ಇರಲಿಲ್ವಾ ಅಂತ ಮೊದಲು ಕೇಳೋರು ಆಂಟಿಯೇ ಅಲ್ವಾ? ಏನಂತ ಹೇಳಿದ್ರಿ?

ಶ್... ಅವರೇ. ನನ್ನ ದನಿ ಕೇಳಿಸಿದೆ ಅವರಿಗೆ. ನನ್ನನ್ನೇ ಕೂಗ್ತಿದ್ದಾರೆ. ಅಂಕಲ್, ನೀವು ಹೋಗಿ. ನೀವೇ ಏನಾದ್ರೂ ಹೇಳಿ. ಹೋಗಿ ಅಂಕಲ್... ಕೇಳಿಸ್ತಾ, ಏನು ಕೇಳ್ತಿದ್ದಾರೆ ನೋಡಿ...

"ಶ್ಯಾನನ್, ಆ ಏಪ್ರಿಲ್ ಸಭೆ ದಿನ ಜ್ವರ ಬಂದು ಮಲಗಿಬಿಟ್ಟಿದ್ದೆಯಂತಲ್ಲ, ಈಗ ಹೇಗಿದ್ದೀಯಮ್ಮಾ?"