ಕಾರ್ಡಿನಲ್ಲಿ ಬರೆದ ಮಾತು

೧೯೮೮ರಲ್ಲಿ, ನಾಸಿಕ್‌ನಿಂದ ಗಂಗಾಪುರದ ಮಾರ್ಗವಾಗಿ ಔರಂಗಾಬಾದಿಗೆ ಹೋಗುವ ಬಸ್ಸಿನಲ್ಲಿ, ಒಂದು ಬಿಸ್ಕೀಟು ಎರಡು ತುಂಡಾಯಿತು. ಘಟನೆಯ ಗಾಂಭೀರ್ಯವನ್ನು ಅದರ ಒಡೆಯನಾದ ಎರಡು ವರ್ಷದ ಹುಡುಗ ಕಿರುಚಿ ಎಲ್ಲರಿಗೂ ತಿಳಿಸಿದ. ಅವನ ಅಜ್ಜಿ ಕನ್ನಡದಲ್ಲಿ ಗದರಿದ್ದೇ, ಪಕ್ಕದಲ್ಲಿ ಕಿವಿ ಮುಚ್ಚಿ ಕೂತಿದ್ದ ಯುವಕ ಬಾಯಿಬಿಟ್ಟ.

“ಅಮ್ಮಾರ, ಇವನ್ನ ಸುಮ್ಮನಿರಸ್ರಿ. ಮಾವನ ಮುಂದ ಹೇಳೂ ಮಾತು ಎಲ್ಲಾ ಮರತ್ಹೋಗ್ಲಿಕತ್ತಾವ.”

“ಏನ್ ಹೇಳಾಂವಿದ್ದಿ, ತಮ್ಮಾ?”

“ಹೆಂಡತಿ, ಮಗಳನ್ನ ಕಳಸ್ರಿ ಅಂತ.”

“ಯಾಕ, ಕಳಸವಲ್ರೇನು?”

“ಬ್ಯಾಂಕಿನ ಪರೀಕ್ಷಾ ಇತ್ರಿ. ‘ಕೂಸು ಅಳೂದು ಬಿಟ್ಟ ಮ್ಯಾಲೆ ಬಾ’ ಅಂತ ಬಾಣಂತನಕ್ಕ ತವರಿಗೆ ಹೋದಾಕಿಗೆ ಬರದೆ. ಮಾವನೇ ಮೊದ್ಲು ಓದಿದ್ರು.”

“ಪಾಕೀಟಿನ್ಯಾಗ ಹಾಕಿದ್ದಿಲ್ಲೇನು?”

“ಕಾರ್ಡಿನ ಮ್ಯಾಲೆ ಬರದಿದ್ದೆ.”

“ಅಯ್ಯ ಶಾಣ್ಯಾ! ಪೋಸ್ಟಮನ್ನನೂ ಓದಿರ್ತಾನ. ಪರೀಕ್ಷಾರೆ ಪಾಸಾದ್ಯಾ?”

“ಇಲ್ರಿ. ಮೂರು ಸರ್ತಿ ಹೋದೆ, ಬಾಗಲದಾಗಿಂದನ ನನ್ನ ಹೊಳ್ಳಿ ಕಳಸಿದ್ರು. ಇವತ್ತೂ ಹಂಗ ಮಾಡಿದ್ರ ನಾ ಏನ್ ಮಾಡ್ಲಿ, ಅಮ್ಮಾರ? ಮಗಳ ಮಾರಿ ಸುದ್ದಾ ಮರತೇನಿ.”

“ಭಾಷಣ ಬಿಡು. ಅಲ್ಲಿ ಹೋದಕೂಡ್ಲೆ ನಿನ್ನ ಕೂಸಿನ್ನ ಎತ್ಕೋ. ಅತ್ರೂ ಇಳಸಬ್ಯಾಡ. ಹಿಡಿ, ಇವನ್ನ ಎತ್ಕೊಂಡು ನೋಡು.”

ಅವನು ಎತ್ತಿಕೊಂಡ. ಹುಡುಗ ಇನ್ನೂ ಜೋರಾಗಿ ಅತ್ತ.

ಗಂಗಾಪುರದಲ್ಲಿ ಅಜ್ಜಿ ಮೊಮ್ಮಗನನ್ನು ಇಸಿದುಕೊಂಡು ಇಳಿದಳು. ಮುಂದೆ ಮಾವನ ಊರಾದ ಔರಂಗಾಬಾದಿನವರೆಗೂ ಬಸ್ಸು ನಿಶ್ಶಬ್ದವಾಗಿತ್ತು; ಯುವಕ ಮಾತ್ರ ಮಾತುಗಳನ್ನು ನೆನಪಿಸಿಕೊಳ್ಳುವುದು ಬಿಟ್ಟು, ಕೂಸನ್ನು ಎತ್ತಿಕೊಂಡವನ ಹಾಗೆಯೇ ಕೈ ಮಡಿಚಿಕೊಂಡು ಕೂತಿದ್ದ.